ಸೂಪರ್ ಮಾರಿಯೋ ವರ್ಲ್ಡ್ ಎಂಬ ನಿಂಟೆಂಡೊ ವಿಡಿಯೋ ಗೇಮ್‌ನ ಹಳೇ ಕ್ಯಾಸೆಟ್‌ನಲ್ಲಿ ಸೇವ್ ಉಳಿಯುತ್ತಿಲ್ಲ. ಕಲಬುರಗಿಯಲ್ಲೇ ರಿಪೇರಿ ಆದೀತಾ?

ಆದೀತು. ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ: 1990ರ ಈ ಆಟ ಪ್ರತಿ ಹಂತಕ್ಕೂ ಸೇವ್ ಕೇಳುವುದಿಲ್ಲ. ಭೂತದ ಮನೆ, ಕೋಟೆ, ಸ್ವಿಚ್ ಅರಮನೆ ಗೆದ್ದಾಗ ಮಾತ್ರ ಕೇಳುತ್ತದೆ. ಗೆದ್ದ ಭೂತದ ಮನೆಗೆ ಮತ್ತೆ ಹೊಕ್ಕು ಮುಗಿಸಿದರೂ ನಡೆಯುತ್ತದೆ. ಹಂತಗಳಿಂದ ಹೊರಬೀಳುವ 96 ದಾರಿಗಳನ್ನೂ ಹುಡುಕುವವರಿಗೆ ಇದೇ ದೊಡ್ಡ ಆಸರೆ.

ಹಾಗೆ ಸೇವ್ ಮಾಡಿಯೂ, ಆಫ್ ಮಾಡಿದ ಮೇಲೆ ಅಳಿಸಿಹೋದರೆ ಸೆಲ್ ಸತ್ತಿದೆ. ಸೇವ್ ಕೂರುವುದು 2 ಕೆಬಿ ಮೆಮೊರಿ ಚಿಪ್‌ನಲ್ಲಿ. ಕರೆಂಟ್ ಇಲ್ಲದಾಗ ಅದನ್ನು ಕಾಯುವುದು ಒಳಗಿನ 3 ವೋಲ್ಟ್ ಸಿಆರ್2032 ಸೆಲ್. ಕ್ಯಾಸೆಟ್ಟನ್ನು 3.8 ಮಿ.ಮೀ. ಗೇಮ್‌ಬಿಟ್‌ನಿಂದ (ಇಂಥ ಕ್ಯಾಸೆಟ್‌ನ ಸ್ಕ್ರೂಗೆ ಹೊಂದುವ ವಿಶೇಷ ಸ್ಕ್ರೂಡ್ರೈವರ್ ತುದಿ) ಬಿಚ್ಚಿ ಸೆಲ್ಲಿಗೆ ಮಲ್ಟಿಮೀಟರ್ ಹಿಡಿಯಿರಿ, 2.5 ವೋಲ್ಟ್‌ಗಿಂತ ಕೆಳಗಿದ್ದರೆ ಬದಲಿಸಿ. ಬೋರ್ಡಿನಲ್ಲಿ ಸೆಲ್ಲೇ ಇಲ್ಲವೆಂದರೆ ಕ್ಯಾಸೆಟ್ ನಕಲಿ.

ಬೆಸುಗೆ ಹಾಕುವ ಕೆಲಸವನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದೇ ಒಳ್ಳೆಯ ಮೊಬೈಲ್ ರಿಪೇರಿಯವರು ಮಾಡಬಲ್ಲರು. ಆದರೆ ಕಾಲು ಇರುವ, ಅಂದರೆ ಟ್ಯಾಬ್ ಸೆಲ್ ನೀವೇ ತರಿಸಿ ಕೊಡಿ. ಬರೀ ಸೆಲ್ಲಿನ ಮೈಗೆ ನೇರ ಬೆಸುಗೆ ಇಟ್ಟರೆ ಅದು ಕಾದು ಸಿಡಿಯಬಹುದು. ಪ್ಲಸ್-ಮೈನಸ್ ಗುರುತು ನೋಡಿಯೇ ಕೂರಿಸಲಿ.

ಆಟವೇ ಶುರುವಾಗದಿದ್ದರೆ ಅದು ಹೆಚ್ಚಾಗಿ ಕ್ಯಾಸೆಟ್‌ನ ಪಿನ್‌ಗಳ ಮೇಲಿನ ಧೂಳಿನ ತೊಂದರೆ. ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಪಿನ್‌ಗಳು ಕಪ್ಪಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಹಾಕಿ.