ಅಸಿಟ್ರೋಮ್ ತಿನ್ನುವ ಅಮ್ಮನಿಗೆ ತೂಕ ಇಳಿಸುವ ಕ್ಯಾಪ್ಸೂಲ್ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಹೃದಯದ ಮೈಟ್ರಲ್ ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದ್ದಾರೆ. ಅಂದಿನಿಂದ ಅಸಿಟ್ರೋಮ್ ಮಾತ್ರೆ ತಿನ್ನುತ್ತಿದ್ದಾರೆ. ಈಗ ಮೊಣಕಾಲು ನೋವು ಜಾಸ್ತಿ, ತೂಕ ಇಳಿಸಲೇಬೇಕು ಅಂದಿದ್ದಾರೆ. ದುಬೈಯಿಂದ ರಜೆಗೆ ಬಂದ ಅಣ್ಣ ಆರ್ಲಿಸ್ಟಾಟ್ ಕ್ಯಾಪ್ಸೂಲ್ ತಂದಿದ್ದಾನೆ. ಕೊಡಬಹುದಾ? ಅಥವಾ ಈಗ ಎಲ್ಲರೂ ಹೇಳುವ ಇಂಜೆಕ್ಷನ್ ಒಳ್ಳೆಯದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಡಬ್ಬಿ ಹಾಗೇ ಇರಲಿ. ಅಸಿಟ್ರೋಮ್ ಬರೆದುಕೊಟ್ಟ ಡಾಕ್ಟರಿಗೆ ತೋರಿಸುವವರೆಗೆ ಒಂದು ಕ್ಯಾಪ್ಸೂಲನ್ನೂ ಕೊಡಬೇಡಿ.

ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಅಸಿಟ್ರೋಮ್ ಅದರ ಕೆಲಸವನ್ನು ತಡೆಯುತ್ತದೆ. ಆರ್ಲಿಸ್ಟಾಟ್ ರಕ್ತದ ತಂಟೆಗೇ ಹೋಗುವುದಿಲ್ಲ. ಅದು ಕರುಳಿನಲ್ಲಿ ಕೊಬ್ಬು ಜೀರ್ಣವಾಗದಂತೆ ಮಾಡುತ್ತದೆ. 120 ಮಿಲಿಗ್ರಾಮಿನದ್ದನ್ನು ಊಟದ ಜೊತೆ ತಿಂದರೆ, ಉಂಡ ಕೊಬ್ಬಿನಲ್ಲಿ ಸುಮಾರು 30% ಹಾಗೇ ಹೊರಗೆ ಹೋಗುತ್ತದೆ. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥದ್ದು, ಅದೂ ಜೊತೆಗೇ ಹೋಗುತ್ತದೆ. ಆಗ ನಿನ್ನೆವರೆಗೆ ಸರಿಯಾಗಿದ್ದ ಅಸಿಟ್ರೋಮ್ ಡೋಸೇ ಜಾಸ್ತಿಯಾಗುತ್ತದೆ, ಐಎನ್‌ಆರ್ ಮೇಲೇರುತ್ತದೆ. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಅಂಕಿ; ಅದು ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪುಗಟ್ಟುವ ಭಯ.

ಮೈಟ್ರಲ್ ಜಾಗದ ಮೆಟಲ್ ವಾಲ್ವಿಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು. ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಅಸಿಟ್ರೋಮ್ ಇವತ್ತು 2 ಮಿಲಿಗ್ರಾಮ್, ನಾಳೆ 3 ಅಂತ ಪೆನ್ಸಿಲಿನಲ್ಲಿ ಬರೆದಿರುತ್ತೀರಿ, ಅಲ್ವಾ? ಒಂದು ಮಿಲಿಗ್ರಾಮ್ ಆಚೀಚೆಗೇ ಇಷ್ಟು ಜಾಗ್ರತೆ ಬೇಕಾದ ಮಾತ್ರೆ ಅದು. ಹೆದರಿ ಅಸಿಟ್ರೋಮನ್ನೇ ನಿಲ್ಲಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ಹಾಗಂತ ಆರ್ಲಿಸ್ಟಾಟ್ ಕೊಡಲೇಬಾರದು ಅಂತಲ್ಲ. ಡಾಕ್ಟರು ಒಪ್ಪಿದರೆ, ಶುರು ಮಾಡುವ ಮೊದಲು ಒಮ್ಮೆ ಐಎನ್‌ಆರ್ ಮಾಡಿಸಿ. ಆಮೇಲೆ ಅದು ಒಂದು ಹದಕ್ಕೆ ನಿಲ್ಲುವವರೆಗೆ ವಾರಕ್ಕೊಮ್ಮೆಯಾದರೂ ಬೇಕು. ಕ್ಯಾಪ್ಸೂಲ್ ನಿಲ್ಲಿಸಿದಾಗಲೂ ಮಾಡಿಸಬೇಕು, ಇದನ್ನು ಹೆಚ್ಚಿನವರು ಮರೆತುಬಿಡುತ್ತಾರೆ. ಇನ್ನೊಂದು ಮಾತು: ತೆಂಗಿನಕಾಯಿ ಅರೆದ ಪದಾರ್ಥ, ಕರಿದದ್ದು ಜಾಸ್ತಿ ತಿಂದರೆ ಮಲದಲ್ಲಿ ಎಣ್ಣೆ ಹೋಗುತ್ತದೆ, ತಡೆದುಕೊಳ್ಳುವುದೂ ಕಷ್ಟ. ಅಮ್ಮನಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ನಾಚಿಕೆಯಿಂದ ಯಾರಿಗೂ ಹೇಳದೆ ಸುಮ್ನೆ ಇದ್ದುಬಿಡುತ್ತಾರೆ.

ಇಂಜೆಕ್ಷನ್ ಅಂದರೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇರಬೇಕು. ತೂಕ ಇಳಿಸಲು ಇವು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2025ರಲ್ಲಿ. ಇವು ಕೊಬ್ಬನ್ನು ಹೊರಗೆ ಕಳಿಸುವುದಿಲ್ಲ, ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಹಸಿವು ಕಡಿಮೆಯಾಗುತ್ತದೆ. ಆದರೆ ಗಂಜಿ ಅರ್ಧಕ್ಕೆ ಬಿಟ್ಟು, ಎರಡು ದಿನ ವಾಂತಿಯೂ ಆದರೆ ಐಎನ್‌ಆರ್ ಏರಬಹುದು. ಇಲ್ಲಿಯೂ ಪರೀಕ್ಷೆ ತಪ್ಪಿಸುವಂತಿಲ್ಲ.

ಸೊಪ್ಪಿನ ವಿಷಯ ಇದಕ್ಕೆ ತಿರುಗಾ ಮುರುಗಾ. ತೂಕ ಇಳಿಸಲು ಅನ್ನ ಬಿಟ್ಟು ದಿನಾ ಹರಿವೆ, ನುಗ್ಗೆಸೊಪ್ಪಿನ ಪಲ್ಯ ತುಂಬಿಸಿ ತಿಂದರೆ ವಿಟಮಿನ್ ಕೆ ಜಾಸ್ತಿಯಾಗಿ ಐಎನ್‌ಆರ್ ಇಳಿಯುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ವಾರವಾರ ಹೆಚ್ಚುಕಡಿಮೆ ಅಷ್ಟೇ ಇರಲಿ.

ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ಅವತ್ತೇ ಐಎನ್‌ಆರ್ ಮಾಡಿಸಿ. ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೊಣಕಾಲು ನೋವಿಗೆ ಅಮ್ಮ ಏನು ತಿನ್ನುತ್ತಿದ್ದಾರೆ ಅಂತ ನೀವು ಬರೆದಿಲ್ಲ. ನನಗೆ ಕ್ಯಾಪ್ಸೂಲಿಗಿಂತ ಅದರದ್ದೇ ಚಿಂತೆ. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ತಿನ್ನುತ್ತಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ಅಸಿಟ್ರೋಮಿನ ಜೊತೆ ಅವು ಹೊಟ್ಟೆಯಲ್ಲಿ ರಕ್ತ ಸುರಿಸಬಹುದು. ಪ್ಯಾರಾಸಿಟಮಾಲ್ ಕೂಡ ದಿನಾ ತಿಂದರೆ ಐಎನ್‌ಆರ್ ಏರಿಸುತ್ತದೆ, ಅದನ್ನೂ ಹೇಳಿ.