ಸೀಟಿ ಊದಿದ ಮೇಲೆ: ಐಸ್ ಹಾಕಿ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಕೊಡಗಿನ ಕೌಟುಂಬಿಕ ಹಾಕಿ ಉತ್ಸವದ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಪೆನಾಲ್ಟಿ ಕಾರ್ನರ್ ಮತ್ತು ಅಂಪೈರರ ತೀರ್ಪುಗಳ ಸುತ್ತಲೇ ಸುತ್ತುವುದು ವಾಡಿಕೆ. ಈ ಸಲ ಮಾತ್ರ ಐದಾರು ಪತ್ರಗಳು ಮಂಜುಗಡ್ಡೆಯ ಮೇಲೆ ಆಡುವ ಹಾಕಿಯನ್ನು ಕುರಿತು ಬಂದಿವೆ. ಮಕ್ಕಳು, ಮೊಮ್ಮಕ್ಕಳು ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವ ಮನೆಗಳು ಈಗ ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನೂ ಇಲ್ಲವಾದ್ದರಿಂದ ಇದು ಆಶ್ಚರ್ಯದ ಸಂಗತಿಯಲ್ಲ.

ಪ್ರಶ್ನೆ: ನನ್ನ ಮೊಮ್ಮಗ ಅಮೆರಿಕದಿಂದ ಕಾಲೇಜು ಐಸ್ ಹಾಕಿ ಪಂದ್ಯಗಳ ವಿಡಿಯೊ ಕಳುಹಿಸುತ್ತಾನೆ. ಪಂದ್ಯ 60 ನಿಮಿಷದ್ದು ಎನ್ನುತ್ತಾನೆ, ಆದರೆ ಮುಗಿಯುವಷ್ಟರಲ್ಲಿ ಎರಡು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. ಮಾತೆತ್ತಿದರೆ ಸೀಟಿ. ಇದೇಕೆ ಹೀಗೆ? (ನಾಪೋಕ್ಲುವಿನ ಹಿರಿಯ ಓದುಗರು)

ಉತ್ತರ: ತಾವು ಗಮನಿಸಿರುವುದು ಸರಿಯಾಗಿದೆ. ನಮ್ಮ ಹಾಕಿಯೂ 60 ನಿಮಿಷದ್ದೇ, 15 ನಿಮಿಷಗಳ ನಾಲ್ಕು ಭಾಗಗಳದ್ದು. ಆದರೆ ಚೆಂಡು ಗೆರೆ ದಾಟಿ ಹೊರಹೋದರೂ ನಮ್ಮಲ್ಲಿ ಗಡಿಯಾರ ಓಡುತ್ತಲೇ ಇರುತ್ತದೆ. ಐಸ್ ಹಾಕಿಯಲ್ಲಿ 20 ನಿಮಿಷಗಳ ಮೂರು ಅವಧಿಗಳಿದ್ದು, ಪ್ರತಿಯೊಂದು ಸೀಟಿಗೂ ಗಡಿಯಾರ ನಿಲ್ಲುತ್ತದೆ, ಪಕ್ (ಚೆಂಡಿನ ಬದಲು ಬಳಸುವ ರಬ್ಬರಿನ ಬಿಲ್ಲೆ) ಮತ್ತೆ ಚಲಿಸಿದಾಗ ಮಾತ್ರ ಮುಂದುವರಿಯುತ್ತದೆ. ಆದ್ದರಿಂದ ಆ 60 ನಿಮಿಷ ಎಂದರೆ ನಿಜವಾಗಿ ಆಡಿದ 60 ನಿಮಿಷ.

ಆಟ ನಿಲ್ಲುವ ಕಾರಣಗಳು ಹಲವು. ಗೋಲ್‌ಕೀಪರ್ ಪಕ್ಕನ್ನು ಕೈಗವಸಿನಲ್ಲಿ ಹಿಡಿದುಕೊಂಡಾಗ ಅಥವಾ ಮೈಯಡಿ ಒತ್ತಿ ಹಿಡಿದಾಗ, ಪಕ್ ಅಂಗಣದ ಸುತ್ತಲಿನ ಗೋಡೆಯನ್ನೂ ಗಾಜನ್ನೂ ಹಾರಿ ಪ್ರೇಕ್ಷಕರ ನಡುವೆ ಬಿದ್ದಾಗ, ಗೋಲಿನ ಚೌಕಟ್ಟು ತನ್ನ ಜಾಗದಿಂದ ಕದಲಿದಾಗ, ಆಫ್‌ಸೈಡ್ ಅಥವಾ ಐಸಿಂಗ್ ಆದಾಗ (ಇವೆರಡರ ವಿವರ ಮುಂದಿನ ಉತ್ತರದಲ್ಲಿದೆ), ತಪ್ಪೆಸಗಿದ ತಂಡ ಪಕ್ಕನ್ನು ಮುಟ್ಟಿದಾಗ ಸೀಟಿ ಊದಲಾಗುತ್ತದೆ. ನಿಂತ ಆಟ ಪುನಃ ಆರಂಭವಾಗುವುದು ಫೇಸ್-ಆಫ್ ಮೂಲಕ: ಇಬ್ಬರು ಎದುರುಬದುರಾಗಿ ಬಾಗಿ ನಿಲ್ಲುತ್ತಾರೆ, ಅಧಿಕಾರಿ ನಡುವೆ ಪಕ್ಕನ್ನು ಬೀಳಿಸುತ್ತಾರೆ. ಹಿಂದೆ ನಮ್ಮ ಪಂದ್ಯಗಳು ಆರಂಭವಾಗುತ್ತಿದ್ದ ಬುಲ್ಲಿಯನ್ನು ತಮ್ಮ ತಲೆಮಾರಿನವರು ಮರೆತಿರಲಾರರು. ಇದು ಅದರ ದಾಯಾದಿ ಎನ್ನಬಹುದು. ವ್ಯತ್ಯಾಸವೆಂದರೆ, ಅಲ್ಲಿ ಫೇಸ್-ಆಫ್‌ಗೆ ಒಂಬತ್ತು ಗುರುತಿನ ಜಾಗಗಳಿವೆ, ಮತ್ತು ಯಾವ ಕಾರಣಕ್ಕೆ ಆಟ ನಿಂತಿತು ಎಂಬುದರ ಮೇಲೆ ಅದು ಯಾವ ಜಾಗದಿಂದ ಆರಂಭವಾಗಬೇಕು ಎಂಬುದು ತೀರ್ಮಾನವಾಗುತ್ತದೆ. ಸೀಟಿ ಊದಿದ ಕ್ಷಣವನ್ನು ವಿರಾಮವೆಂದು ತಿಳಿದು ಕಣ್ಣು ಬೇರೆಡೆಗೆ ಹೊರಳಿಸುವವರಿಗೆ ಈ ಆಟ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ಅದಕ್ಕೆ ಕಾರಣ ಸಿಗುತ್ತದೆ.

ಅವಧಿಗಳ ನಡುವಣ ದೀರ್ಘ ಬಿಡುವು ಆಟಗಾರರಿಗೆಂದು ಮಾತ್ರವಲ್ಲ, ನೆಲಕ್ಕೂ ಬೇಕಾದದ್ದು. ಸ್ಕೇಟುಗಳ ಅಲಗಿನಿಂದ ಗೀರುಬಿದ್ದ ಮಂಜುಗಡ್ಡೆಯನ್ನು ಯಂತ್ರವೊಂದು ತೆಳುವಾಗಿ ಹೆರೆದು, ಮೇಲೆ ಬಿಸಿನೀರಿನ ಪದರ ಹರಡುತ್ತದೆ. ಬಿಸಿನೀರು ಮೇಲ್ಪದರವನ್ನು ಕೊಂಚ ಕರಗಿಸಿ ಅದರೊಡನೆ ಬೆಸೆದುಕೊಂಡು ನಯವಾಗಿ ಹೆಪ್ಪುಗಟ್ಟುತ್ತದೆ. 1949ರಲ್ಲಿ ಈ ಯಂತ್ರವನ್ನು ರೂಪಿಸಿದ ಫ್ರಾಂಕ್ ಝಂಬೋನಿಯವರ ಹೆಸರೇ ಯಂತ್ರಕ್ಕೂ ಅಂಟಿಕೊಂಡಿದೆ.

ಪ್ರಶ್ನೆ: ನಾನು ಕಾಲೇಜು ತಂಡದಲ್ಲಿ ಫಾರ್ವರ್ಡ್ ಆಡುತ್ತೇನೆ. ನಮ್ಮ ಹಾಕಿಯಲ್ಲಿ ಇಲ್ಲದ ಆಫ್‌ಸೈಡ್ ಐಸ್ ಹಾಕಿಯಲ್ಲಿ ಏಕೆ ಇದೆ? ಐಸಿಂಗ್ ಎಂದರೇನು? (ವಿದ್ಯಾರ್ಥಿನಿ, ಗೋಣಿಕೊಪ್ಪಲು)

ಉತ್ತರ: ನಮ್ಮ ಆಟದಲ್ಲಿಯೂ ಆಫ್‌ಸೈಡ್ ಇತ್ತು, ಪ್ರಯೋಗಕ್ಕೆಂದು ಕೈಬಿಟ್ಟು ನೋಡಿ, 1998ರಲ್ಲಿ ನಿಯಮದಿಂದಲೇ ತೆಗೆದುಹಾಕಲಾಯಿತು. ಹಾಗೆ ಮಾಡಲು ನಮಗೆ ಸಾಧ್ಯವಾದದ್ದಕ್ಕೆ ಒಂದು ಕಾರಣ ನಮ್ಮ ‘ಡಿ’ ವೃತ್ತ. ವೃತ್ತದ ಹೊರಗಿನಿಂದ ಹೊಡೆದ ಚೆಂಡು ನೇರವಾಗಿ ಗೋಲಿನೊಳಗೆ ಹೋದರೂ ನಮ್ಮಲ್ಲಿ ಅದು ಗೋಲಲ್ಲ. ಐಸ್ ಹಾಕಿಯಲ್ಲಿ ಅಂಥ ವೃತ್ತವಿಲ್ಲ, ಎಲ್ಲಿಂದ ಹೊಡೆದರೂ ಗೋಲೇ. ಆ ಕಾವಲಿನ ಕೆಲಸವನ್ನು ಅಲ್ಲಿ ಅಂಗಣಕ್ಕೆ ಅಡ್ಡಲಾಗಿ ಎಳೆದ ಎರಡು ನೀಲಿ ಗೆರೆಗಳು ಮಾಡುತ್ತವೆ. ಪಕ್ ಎದುರಾಳಿಯ ನೀಲಿ ಗೆರೆಯನ್ನು ದಾಟುವ ಮೊದಲೇ ದಾಳಿಕೋರ ತಂಡದ ಯಾರಾದರೊಬ್ಬರ ಎರಡೂ ಸ್ಕೇಟುಗಳು ಗೆರೆಯನ್ನು ಪೂರ್ತಿ ದಾಟಿದ್ದರೆ ಅದು ಆಫ್‌ಸೈಡ್. ಪಕ್ ರಕ್ಷಕರ ಬಳಿಯಲ್ಲಿದ್ದು, ಮುಂದೆ ನುಗ್ಗಿದವರು ಹಿಂದಿರುಗಿ ಗೆರೆಯ ಈಚೆಗೆ ಬಂದರೆ ಗೆರೆಗಳನ್ನು ಗಮನಿಸುವ ಅಧಿಕಾರಿಯಾದ ಲೈನ್ಸ್‌ಮನ್ ಎತ್ತಿದ ಕೈಯನ್ನು ಇಳಿಸುತ್ತಾರೆ, ಆಟ ಮುಂದುವರಿಯುತ್ತದೆ.

ಐಸಿಂಗ್ ಇನ್ನಷ್ಟು ಸ್ವಾರಸ್ಯಕರ ನಿಯಮ. ಒತ್ತಡಕ್ಕೆ ಸಿಕ್ಕ ತಂಡ ಅಂಗಣದ ನಡುವಿನ ಕೆಂಪು ಗೆರೆಗಿಂತ ಹಿಂದಿನಿಂದ ಪಕ್ಕನ್ನು ಬೀಸಿ ಹೊಡೆದು, ಅದು ಯಾರನ್ನೂ ಮುಟ್ಟದೆ ಎದುರಾಳಿಯ ಗೋಲು ಗೆರೆಯನ್ನು ದಾಟಿದರೆ ಐಸಿಂಗ್ ಆಗುತ್ತದೆ. ಹೇಗಾದರೂ ಮಾಡಿ ಪಕ್ಕನ್ನು ದೂರ ಅಟ್ಟಿ ಉಸಿರಾಡಿಕೊಳ್ಳುವ ಉಪಾಯಕ್ಕೆ ಇದು ತಡೆ. ಹಿಂದೆ ರಕ್ಷಕನೊಬ್ಬ ಓಡಿಹೋಗಿ ಪಕ್ಕನ್ನು ಮುಟ್ಟಿದ ಮೇಲೆಯೇ ಸೀಟಿ ಊದುವ ಪದ್ಧತಿಯೂ ಇತ್ತು. ಅದರಿಂದ ಇಬ್ಬರು ಪೂರ್ಣ ವೇಗದಲ್ಲಿ ಹೋಗಿ ಗೋಡೆಗೆ ಅಪ್ಪಳಿಸಿ ಗಾಯಗೊಳ್ಳುತ್ತಿದ್ದರು. ಈಗ ಕಾಲೇಜು ಆಟದಲ್ಲಿಯೂ ವೃತ್ತಿಪರ ಆಟದಲ್ಲಿಯೂ ಆ ಓಟದಲ್ಲಿ ಮುಂದಿರುವವರು ಯಾರು ಎಂಬುದನ್ನು ಲೈನ್ಸ್‌ಮನ್ ಮೊದಲೇ ಅಂದಾಜಿಸಿ ತೀರ್ಪು ಕೊಡುತ್ತಾರೆ. ಐಸಿಂಗ್ ಆದ ಬಳಿಕ ಫೇಸ್-ಆಫ್ ತಪ್ಪು ಮಾಡಿದವರ ಗೋಲಿನ ಪಕ್ಕದಲ್ಲೇ ನಡೆಯುತ್ತದೆ. ಅದಕ್ಕಿಂತ ಕಠಿಣವಾದ ಮಾತೆಂದರೆ, ಆ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಮುಕ್ಕಾಲು ನಿಮಿಷ ಓಡುವಷ್ಟರಲ್ಲಿ ದಣಿಯುವ ಆಟದಲ್ಲಿ, ಏದುಸಿರು ಬಿಡುತ್ತಿರುವ ಐವರು ಬೆಂಚಿನಿಂದ ಹೊಸದಾಗಿ ಇಳಿದ ಐವರನ್ನು ಎದುರಿಸಬೇಕಾಗುತ್ತದೆ. ಒಬ್ಬ ಆಟಗಾರ ಶಿಕ್ಷೆಯ ಮೇಲೆ ಹೊರಗಿರುವಾಗ ಮಾತ್ರ ಆ ತಂಡಕ್ಕೆ ಹೀಗೆ ಪಕ್ಕನ್ನು ದೂರ ಹೊಡೆಯುವ ಅನುಮತಿ ಇದೆ.

ಪ್ರಶ್ನೆ: ಹಲವು ವರ್ಷ ಸ್ಥಳೀಯ ಪಂದ್ಯಗಳಿಗೆ ಅಂಪೈರ್ ಆಗಿದ್ದವನು ನಾನು. ಐಸ್ ಹಾಕಿಯಲ್ಲಿ ರೆಫರಿ ಕೈ ಎತ್ತುತ್ತಾರೆ, ಸೀಟಿ ಊದುವುದಿಲ್ಲ. ಅಷ್ಟರಲ್ಲಿ ಒಂದು ಕಡೆಯ ಗೋಲ್‌ಕೀಪರ್ ಗೋಲನ್ನು ಬಿಟ್ಟು ಬೆಂಚಿನ ಕಡೆಗೆ ಧಾವಿಸುತ್ತಾರೆ. ಇದರ ಅರ್ಥವೇನು? (ವಿರಾಜಪೇಟೆಯ ಓದುಗರು)

ಉತ್ತರ: ತಾವು ಅಂಪೈರ್ ಆಗಿದ್ದಾಗ ತಪ್ಪಿಗೆ ಒಳಗಾದ ತಂಡಕ್ಕೇ ಚೆಂಡು ದೊರೆತಿದ್ದರೆ ಅನುಕೂಲ ಕೊಟ್ಟು ಆಟವನ್ನು ಮುಂದುವರಿಸಿರುತ್ತೀರಿ. ಇದೂ ಅದೇ ತತ್ತ್ವ. ತಪ್ಪಾದದ್ದನ್ನು ರೆಫರಿ ಕೈಯೆತ್ತಿ ತಿಳಿಸುತ್ತಾರೆ, ಆದರೆ ತಪ್ಪೆಸಗಿದ ತಂಡ ಪಕ್ಕನ್ನು ವಶಕ್ಕೆ ತೆಗೆದುಕೊಂಡ ಕ್ಷಣದಲ್ಲಷ್ಟೇ ಸೀಟಿ. ಅಂದರೆ ಆ ಹೊತ್ತಿನಲ್ಲಿ ಎದುರಾಳಿಗಳು ಗೋಲು ಹೊಡೆಯಲು ಅವಕಾಶವೇ ಇಲ್ಲ. ಹಾಗಿದ್ದ ಮೇಲೆ ಗೋಲ್‌ಕೀಪರ್ ಏಕೆ ಬೇಕು? ಅವರನ್ನು ಹೊರಗೆ ಕರೆಸಿ ಆರನೆಯ ಆಟಗಾರನನ್ನು ಇಳಿಸುತ್ತಾರೆ. ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ತಮ್ಮದೇ ಆಟಗಾರನ ಪಾಸ್ ಗುರಿತಪ್ಪಿ ಉದ್ದಕ್ಕೂ ಜಾರಿಹೋಗಿ ತಮ್ಮದೇ ಬರಿದಾದ ಗೋಲಿಗೆ ಬಿದ್ದರೆ ಅದು ಗೋಲೇ! ಅಂಥ ಪ್ರಸಂಗಗಳು ನಡೆದೂ ಇವೆ.

ಸೀಟಿಯ ಬಳಿಕ ತಪ್ಪಿತಸ್ಥ ಆಟಗಾರ ಸಣ್ಣ ತಪ್ಪಿಗೆ 2 ನಿಮಿಷ, ದೊಡ್ಡದಕ್ಕೆ 5 ನಿಮಿಷ ಪ್ರತ್ಯೇಕ ಪೆಟ್ಟಿಗೆಯಲ್ಲಿ ಕೂರಬೇಕು. ನಮ್ಮ ಹಸಿರು ಕಾರ್ಡಿಗೂ 2 ನಿಮಿಷವೇ. ಆದರೆ ನಮ್ಮಲ್ಲಿ ಹನ್ನೊಂದರಲ್ಲಿ ಒಬ್ಬ ಕಡಿಮೆಯಾದರೆ ಅಲ್ಲಿ ಗೋಲ್‌ಕೀಪರನ್ನು ಬಿಟ್ಟರೆ ಐವರಲ್ಲಿ ಒಬ್ಬ ಇಲ್ಲವಾಗುತ್ತಾನೆ, ಆದ್ದರಿಂದ ಪೆಟ್ಟು ಹೆಚ್ಚು.

ಗೋಲ್‌ಕೀಪರನ್ನು ಹೊರಗೆ ಕರೆಸುವ ಇನ್ನೊಂದು ಸಂದರ್ಭ ಪಂದ್ಯದ ಕೊನೆಯ ನಿಮಿಷಗಳು. 2009ರ ರಾಷ್ಟ್ರೀಯ ಕಾಲೇಜು ಫೈನಲಿನಲ್ಲಿ ಒಹಾಯೊದ ಮಯಾಮಿ ವಿಶ್ವವಿದ್ಯಾಲಯದ ಎದುರು ಬಾಸ್ಟನ್ ವಿಶ್ವವಿದ್ಯಾಲಯ ಒಂದು ನಿಮಿಷ ಬಾಕಿ ಇರುವಾಗ 1-3ರಿಂದ ಹಿಂದಿತ್ತು. ಗೋಲನ್ನು ಬರಿದಾಗಿಸಿಯೇ ಆ ಒಂದು ನಿಮಿಷದಲ್ಲಿ ಎರಡು ಗೋಲು ಹೊಡೆದು ಸಮಬಲ ಸಾಧಿಸಿದ ತಂಡ, ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು.

ಪ್ರಶ್ನೆ: ಕಾಲೇಜು ಐಸ್ ಹಾಕಿಯಲ್ಲಿ ನೆನಪಿಡಬೇಕಾದ ಗೋಲುಗಳು ಯಾವುವು? (ಮಡಿಕೇರಿಯ ಓದುಗರು)

ಉತ್ತರ: ಪಟ್ಟಿ ಮಾಡುವ ಬದಲು, ನನ್ನ ಆಯ್ಕೆಯ ಮೂರನ್ನು ಹೇಳುತ್ತೇನೆ. ಮೂರಕ್ಕೂ ಸೀಟಿಗೂ ನಂಟಿದೆ.

2023ರ ಏಪ್ರಿಲ್‌ನಲ್ಲಿ ಟ್ಯಾಂಪಾ ನಗರದಲ್ಲಿ ನಡೆದ ಫೈನಲಿನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಎದುರು 0-2ರಿಂದ ಹಿಂದಿದ್ದ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಚೇತರಿಸಿಕೊಂಡು, ಗೋಲ್‌ಕೀಪರನ್ನು ಹೊರತಂದು 2-2 ಮಾಡಿತು. ಹೆಚ್ಚುವರಿ ಅವಧಿ ಆರಂಭವಾದ 10 ಸೆಕೆಂಡುಗಳಲ್ಲಿ ಜೇಕಬ್ ಕ್ವಿಲನ್ ಗೋಲು ಹೊಡೆದರು, ಪಂದ್ಯ ಮುಗಿಯಿತು. ಆ ವಿಶ್ವವಿದ್ಯಾಲಯಕ್ಕೆ ಅದು ಮೊದಲ ಪ್ರಶಸ್ತಿ. ನಡು ಅಂಗಣದ ಫೇಸ್-ಆಫ್‌ನಿಂದ ಪಕ್ ಹಿಂದಕ್ಕೆ, ಅಲ್ಲಿಂದ ಉದ್ದನೆಯ ಪಾಸ್ ಮೂಲಕ ಮುಂದಕ್ಕೆ, ಬಳಿಕ ಕ್ವಿಲನ್ ಬಳಿಗೆ. ಮೊದಲೇ ಯೋಜಿಸಿಟ್ಟಿದ್ದ ನಡೆ ಅದು. ನಾವು ಪೆನಾಲ್ಟಿ ಕಾರ್ನರಿಗೆ ವಾರಗಟ್ಟಲೆ ಅಭ್ಯಾಸ ಮಾಡುವಂತೆ ಅವರು ಫೇಸ್-ಆಫ್‌ಗೆ ಮಾಡುತ್ತಾರೆ.

ಎರಡನೆಯದು ಸೀಟಿ ಊದದೇ ಹೋದದ್ದರಿಂದ ಆದ ಗೋಲು. 2015ರ ಫೈನಲ್ ಬಾಸ್ಟನ್‌ನಲ್ಲಿಯೇ ನಡೆಯಿತು. ಪ್ರಾವಿಡೆನ್ಸ್ ಕಾಲೇಜಿನ ಎದುರು ಬಾಸ್ಟನ್ ವಿಶ್ವವಿದ್ಯಾಲಯ 3-2ರಿಂದ ಮುಂದಿದ್ದು, ಒಂಬತ್ತು ನಿಮಿಷಗಳಿಗಿಂತ ಕಡಿಮೆ ಸಮಯ ಉಳಿದಿತ್ತು. ನಡು ಅಂಗಣದಿಂದ ಯಾರೋ ಸುಮ್ಮನೆ ಎತ್ತಿಹಾಕಿದ ಪಕ್ಕನ್ನು ಗೋಲ್‌ಕೀಪರ್ ಮ್ಯಾಟ್ ಓಕಾನರ್ ಸಲೀಸಾಗಿ ಹಿಡಿದರು. ಆಟವನ್ನು ನಿಲ್ಲಿಸದೆ ಬೇಗನೆ ಮುಂದುವರಿಸಲೆಂದು ಅದನ್ನು ಕೆಳಗಿಳಿಸಲು ಹೋದಾಗ ಪಕ್ ಅವರ ಕಾಲುಗಳ ನಡುವೆ ಬಿದ್ದು ಗೋಲು ಗೆರೆಯನ್ನು ದಾಟಿತು. ಕೈಗವಸು ಮುಚ್ಚಿಕೊಂಡು ಇನ್ನೊಂದೆರಡು ಕ್ಷಣ ನಿಂತಿದ್ದರೆ ಸೀಟಿ ಊದುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಪ್ರಾವಿಡೆನ್ಸ್ ಮತ್ತೊಂದು ಗೋಲು ಹೊಡೆದು 4-3ರಿಂದ ಗೆದ್ದಿತು. ಗೋಲ್‌ಕೀಪರ್ ಆಗಿ ನಿಂತು ಅನುಭವವಿರುವ ಯಾರಿಗೂ ಆ ದೃಶ್ಯವನ್ನು ಎರಡನೆಯ ಸಲ ನೋಡುವ ಮನಸ್ಸಾಗುವುದಿಲ್ಲ.

ಮೂರನೆಯದು, ರದ್ದಾದ ಗೋಲೊಂದರಿಂದಾಗಿ ತಡವಾದ ಗೋಲು. 2021ರ ರಾಷ್ಟ್ರೀಯ ಟೂರ್ನಿಯಲ್ಲಿ ಮಿನೆಸೋಟ ಡುಲೂತ್ ವಿರುದ್ಧ ನಾರ್ತ್ ಡಕೋಟ ಕೊನೆಯ ಎರಡು ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಸಮಬಲ ಸಾಧಿಸಿತು. ಮೊದಲ ಹೆಚ್ಚುವರಿ ಅವಧಿಯಲ್ಲಿ ಡುಲೂತ್ ಗೋಲು ಹೊಡೆದು ಸಂಭ್ರಮಿಸತೊಡಗಿತು. ವಿಡಿಯೊ ಪರಿಶೀಲನೆಯಲ್ಲಿ ಅದಕ್ಕೂ ಮುಂಚಿನ ಆಫ್‌ಸೈಡ್ ಕಂಡುಬಂದು ಗೋಲು ರದ್ದಾಯಿತು. ಐದನೆಯ ಹೆಚ್ಚುವರಿ ಅವಧಿಯಲ್ಲಿ ಲೂಕ್ ಮಿಲಿಮಾಕ್ ಹೊಡೆದ ಗೋಲಿನಿಂದ ಅದೇ ಡುಲೂತ್ 3-2ರಿಂದ ಗೆದ್ದಾಗ ಆಟದ ಗಡಿಯಾರ 142 ನಿಮಿಷ 13 ಸೆಕೆಂಡು ದಾಟಿತ್ತು. ಆ ಟೂರ್ನಿಯ ಇತಿಹಾಸದಲ್ಲೇ ಅತಿ ದೀರ್ಘ ಪಂದ್ಯ ಅದು. ಪರಿಶೀಲನೆ ಇಲ್ಲದ ಕಾಲದಲ್ಲಿ, 1975ರ ಕ್ವಾಲಾಲಂಪುರ ವಿಶ್ವಕಪ್ ಫೈನಲಿನಲ್ಲಿ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಮೂಲೆಗೆ ಬಡಿದು ಹೊರಚಿಮ್ಮಿದಾಗ, ಪಾಕಿಸ್ತಾನ ಎಷ್ಟೇ ಪ್ರತಿಭಟಿಸಿದರೂ ಅಂಪೈರ್ ಗೋಲೆಂದೇ ಸಾರಿದರು. ಭಾರತ 2-1ರಿಂದ ಗೆದ್ದಿತು. ನಮ್ಮ ಬಿ. ಪಿ. ಗೋವಿಂದ ಅವರಿದ್ದ ತಂಡ ಅದು. ಆ ದಿನ ವಿಡಿಯೊ ಇಲ್ಲದಿದ್ದುದಕ್ಕೆ ನನಗಂತೂ ದೂರಿಲ್ಲ.

ಪ್ರಶ್ನೆ: 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿದವರು ಕಾಲೇಜು ಹುಡುಗರೇ? (ಸೋಮವಾರಪೇಟೆಯ ಓದುಗರು)

ಉತ್ತರ: ಬಹುಪಾಲು ಹೌದು. ಓದುತ್ತಿದ್ದವರೋ ಆಗತಾನೇ ಓದು ಮುಗಿಸಿದವರೋ ಆಗಿದ್ದ ಅಮೆರಿಕದ ಹವ್ಯಾಸಿಗಳನ್ನು ಮಿನೆಸೋಟ ವಿಶ್ವವಿದ್ಯಾಲಯದ ಕೋಚ್ ಹರ್ಬ್ ಬ್ರೂಕ್ಸ್ ಕಲೆಹಾಕಿದ್ದರು. ಫೆಬ್ರವರಿ 22ರಂದು ಲೇಕ್ ಪ್ಲ್ಯಾಸಿಡ್‌ನಲ್ಲಿ ಅವರು 4-3ರಿಂದ ಗೆದ್ದರು. ಗೆಲುವಿನ ಗೋಲು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಕಲಿತ ನಾಯಕ ಮೈಕ್ ಎರುಝಿಯೋನಿ ಅವರದು. ಜನ ನೆನೆಯುವುದೂ ಅದನ್ನೇ. ನನ್ನ ದೃಷ್ಟಿಯಲ್ಲಿ ಮೊದಲ ಅವಧಿಯ ಕೊನೆಯ ಸೆಕೆಂಡಿನಲ್ಲಿ ವಿಸ್ಕಾನ್ಸಿನ್‌ನ ಮಾರ್ಕ್ ಜಾನ್ಸನ್ ಹೊಡೆದದ್ದು ಅದಕ್ಕಿಂತ ದೊಡ್ಡ ಗೋಲು. ಅವಧಿ ಮುಗಿದೇಹೋಯಿತೆಂದು ಸೋವಿಯತ್ ರಕ್ಷಕರು ಸಡಿಲಗೊಂಡ ಕ್ಷಣದಲ್ಲಿ, ಸೋವಿಯತ್ ಗೋಲ್‌ಕೀಪರ್ ಟ್ರೆಟ್ಯಾಕ್ ತಡೆದು ಚಿಮ್ಮಿದ ಪಕ್ಕಿನ ಮೇಲೆ ಜಾನ್ಸನ್ ಎರಗಿದರು. ಉಳಿದ ಒಂದೇ ಸೆಕೆಂಡಿನ ಫೇಸ್-ಆಫ್‌ಗಾಗಿ ಸೋವಿಯತ್ ಆಟಗಾರರನ್ನು ಪುನಃ ಅಂಗಣಕ್ಕೆ ಕರೆಸಬೇಕಾಯಿತು; ಮುಂದಿನ ಅವಧಿಯಲ್ಲಿ ಗೋಲು ಕಾಯಲು ಟ್ರೆಟ್ಯಾಕ್ ಬರಲಿಲ್ಲ, ಕೋಚ್ ಅವರನ್ನು ಬದಲಿಸಿದ್ದರು.

ಅದೇ ವರ್ಷದ ಬೇಸಿಗೆಯಲ್ಲಿ ಮಾಸ್ಕೋದಲ್ಲಿ ಭಾರತ ಸ್ಪೇನನ್ನು ಸೋಲಿಸಿ ಹಾಕಿ ಚಿನ್ನ ಗೆದ್ದದ್ದೂ 4-3ರಿಂದಲೇ. ಕೊಡಗಿನ ಎಂ. ಎಂ. ಸೋಮಯ್ಯ ಆ ತಂಡದಲ್ಲಿದ್ದರು.

ಪ್ರಶ್ನೆ: ಅಲ್ಲಿ ಆಟಗಾರರು ಕೈಕೈ ಮಿಲಾಯಿಸುವುದು ನಿಯಮದಲ್ಲೇ ಇದೆಯಂತೆ, ನಿಜವೇ? (ಕುಶಾಲನಗರದ ಓದುಗರು)

ಉತ್ತರ: ವೃತ್ತಿಪರ ಲೀಗಿನಲ್ಲಿ ಹೊಡೆದಾಡಿದವರು 5 ನಿಮಿಷ ಕೂತು ಮರಳಬಹುದು. ಕಾಲೇಜು ಆಟದಲ್ಲಿ ಹಾಗಿಲ್ಲ: ಹೊಡೆದಾಡಿದವರು ಆ ಪಂದ್ಯದಿಂದಲೂ ಮುಂದಿನ ಪಂದ್ಯದಿಂದಲೂ ಹೊರಗೆ. ಮುಖವನ್ನು ಪೂರ್ತಿ ಮುಚ್ಚುವ ರಕ್ಷಾಕವಚವೂ ಅಲ್ಲಿ ಕಡ್ಡಾಯ.

ಪ್ರಶ್ನೆ: ಪಕ್ಕನ್ನು ಫ್ರೀಜರಿನಲ್ಲಿ ಇಡುತ್ತಾರೆಂದು ಅಣ್ಣ ಹೇಳುತ್ತಾನೆ. ನಾನು ನಂಬಲಿಲ್ಲ. (ಏಳನೆಯ ತರಗತಿಯ ವಿದ್ಯಾರ್ಥಿ, ಮೂರ್ನಾಡು)

ಉತ್ತರ: ಅಣ್ಣ ಹೇಳಿದ್ದು ನಿಜ, ಮರಿ. ಪಕ್ ಗಟ್ಟಿ ರಬ್ಬರಿನ ಬಿಲ್ಲೆ. 3 ಅಂಗುಲ ಅಗಲ, 1 ಅಂಗುಲ ದಪ್ಪ, ತೂಕ ಸುಮಾರು 160 ಗ್ರಾಂ. ಬೆಚ್ಚಗಿದ್ದರೆ ರಬ್ಬರು ಪುಟಿಯುತ್ತದೆ, ತಣ್ಣಗಿದ್ದರೆ ಮಂಜುಗಡ್ಡೆಯ ಮೇಲೆ ಚಪ್ಪಟೆಯಾಗಿ ಜಾರುತ್ತದೆ. ಆದ್ದರಿಂದ ಪಂದ್ಯಕ್ಕೆ ಬೇಕಾದಷ್ಟು ಪಕ್ಕುಗಳನ್ನು ಮೊದಲೇ ತಣ್ಣಗಿಟ್ಟಿರುತ್ತಾರೆ. ಆಡುತ್ತಾ ಆಡುತ್ತಾ ಪಕ್ ಬೆಚ್ಚಗಾದರೆ, ಸೀಟಿ ಊದಿ ಆಟ ನಿಂತ ಹೊತ್ತು ನೋಡಿ ಅದನ್ನು ತೆಗೆದು, ಪೆಟ್ಟಿಗೆಯಿಂದ ಇನ್ನೊಂದನ್ನು ಕೊಡುತ್ತಾರೆ.