ಬ್ರೇಕಪ್ ಆದಮೇಲೆ ಓದಿ ನಗಬಹುದಾದ ಒಂದು ಕಾದಂಬರಿ

‘ಪ್ರೀತಿ ಮುರಿದು ಮೂರು ತಿಂಗಳಾಯಿತು. ಅಳಿಸುವ ಪುಸ್ತಕ ಬೇಡ, ನಗಿಸುವಂಥದ್ದು ಒಂದು ಹೇಳಿ’ ಅಂತ ಕೇಳಿದ್ದೀರಿ. ನಾನು ಹೇಳುವುದು ಒಂದೇ, ಅಮೆರಿಕದ ಲೇಖಕಿ ನೋರಾ ಎಫ್ರಾನ್ ಅವರ ‘ಹಾರ್ಟ್‌ಬರ್ನ್’. 1983ರದ್ದು. ಸುಲಭವಾದ ಇಂಗ್ಲಿಷ್, ಇನ್ನೂರು ಪುಟವೂ ಇಲ್ಲ. ಹೆಸರಿಗೆ ಕನ್ನಡದಲ್ಲಿ ಸರಿಯಾದ ಮಾತು ಮೊದಲೇ ಇದೆ: ಎದೆಯುರಿ. ಹೊಟ್ಟೆಯುರಿಯೂ ಒಳಗೆ ಸಾಕಷ್ಟಿದೆ ಅನ್ನಿ.

ರೇಚಲ್ ಅಡುಗೆ ಪುಸ್ತಕ ಬರೆಯುವವಳು. ಎರಡನೇ ಮಗುವಿಗೆ ಏಳು ತಿಂಗಳ ಬಸುರಿ. ಗಂಡ ಮಾರ್ಕ್ ವಾಷಿಂಗ್ಟನ್‌ನಲ್ಲಿ ಪತ್ರಕರ್ತ. ಅವನಿಗೆ ಥೆಲ್ಮಾ ಎಂಬವಳ ಜೊತೆ ಸಂಬಂಧ ಇದೆ ಅಂತ ಇವಳಿಗೆ ಗೊತ್ತಾಗುವುದು, ಥೆಲ್ಮಾ ಅವನಿಗೆ ಕೊಟ್ಟ ಪುಸ್ತಕದಲ್ಲಿ ಬರೆದ ನಾಲ್ಕು ಪ್ರೀತಿಯ ಸಾಲಿನಿಂದ. ಅದೂ ಎಂಥ ಪುಸ್ತಕ? ಮಕ್ಕಳ ಹಾಡಿನದು! ಸಿಟ್ಟಾಗಿ ನ್ಯೂಯಾರ್ಕಿಗೆ ಹೋಗುತ್ತಾಳೆ. ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಕಷ್ಟ ಹೇಳಿಕೊಳ್ಳುವ ಥೆರಪಿಗೆ ಹೋದರೆ, ಅಲ್ಲಿಗೇ ಕಳ್ಳ ನುಗ್ಗಿ ಗಂಡ ಕೊಟ್ಟ ಉಂಗುರ ಕಿತ್ತುಕೊಂಡು ಹೋಗುತ್ತಾನೆ.

ಇದು ಬಹುಪಾಲು ಎಫ್ರಾನ್ ಅವರದೇ ಬದುಕು. ಅವರ ಆಗಿನ ಗಂಡ ಕಾರ್ಲ್ ಬರ್ನ್‌ಸ್ಟೀನ್, ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡುವಂತೆ ಮಾಡಿದ ವಾಟರ್‌ಗೇಟ್ ಹಗರಣ ಬಯಲಿಗೆಳೆದ ಇಬ್ಬರು ವರದಿಗಾರರಲ್ಲಿ ಒಬ್ಬರು. ಅಧ್ಯಕ್ಷನ ಗುಟ್ಟು ಬಯಲು ಮಾಡಿದವರ ಗುಟ್ಟನ್ನು ಹೆಂಡತಿ ಬಯಲು ಮಾಡಿದರು.

ನನಗೆ ಈ ಪುಸ್ತಕ ಸಿಕ್ಕಿದ್ದು ಆರು ವರ್ಷದ ಪ್ರೀತಿ ಮುಗಿದ ಮೇಲೆ. ಆಗ ನಾನು ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡೇ, ಪಾತ್ರೆಯಿಂದಲೇ ಮೊಸರನ್ನ ತಿನ್ನುತ್ತಿದ್ದೆ. ರೇಚಲ್ ಕೂಡ ಹಾಗೇ. ಪ್ರೀತಿ ಶುರುವಾಗುವಾಗ ಗರಿಗರಿ ಆಲೂಗಡ್ಡೆ, ಮುಗಿಯುವಾಗ ಬೆಣ್ಣೆ ಹಾಕಿ ಮೆತ್ತಗೆ ಹಿಸುಕಿದ ಆಲೂಗಡ್ಡೆ, ಅದೂ ಹಾಸಿಗೆಯಲ್ಲಿ ಕೂತು. ಕತೆಯ ನಡುವೆ ನಡುವೆ ಅಡುಗೆ ಮಾಡುವ ವಿಧಾನ ಬರುತ್ತದೆ, ಸುಮ್ನೆ ಶೋಕಿಗಲ್ಲ. ಹೇಳಲಾಗದ ಮಾತು ಬಂದಾಗಲೆಲ್ಲ ಅವಳು ಒಲೆಯ ಕಡೆ ತಿರುಗುತ್ತಾಳೆ.

ಎಲ್ಲವನ್ನೂ ಯಾಕೆ ಕತೆ ಮಾಡುತ್ತೀಯ ಅಂತ ಥೆರಪಿಸ್ಟ್ ಕೇಳುತ್ತಾಳೆ. ಕತೆ ನಾನೇ ಹೇಳಿದರೆ ಅದು ನನ್ನ ಕೈಯಲ್ಲಿರುತ್ತದೆ, ಜನ ನನ್ನನ್ನು ನೋಡಿ ಪಾಪ ಅನ್ನುವುದಕ್ಕಿಂತ ನಗುವುದು ವಾಸಿ ಅಂತ ಅವಳ ಉತ್ತರ. ‘ಪಾಪ’ ಅನ್ನುವ ಮಾತು ನಾನೂ ಎಷ್ಟು ಕೇಳಿದ್ದೆ! ಆಫೀಸಿನಲ್ಲಿ ಟೀ ಕೊಡುವಾಗಲೂ ಪಾಪ. ಅವತ್ತಿನಿಂದ ನಾನೇ ಮೊದಲು ಜೋಕ್ ಹೇಳಲು ಶುರು ಮಾಡಿದೆ. ಎರಡು ಜೋಕ್ ಚೆನ್ನಾಗಿದ್ದವು, ಉಳಿದವು ಕೇಳಿ ಜನ ಇನ್ನೂ ಜಾಸ್ತಿ ಪಾಪ ಅಂದರು.

ಒಂದು ದೂರು ಇದೆ. ಮಾರ್ಕ್‌ನ ಮಾತು ನಮಗೆ ಕೇಳಿಸುವುದೇ ಇಲ್ಲ, ಎಲ್ಲ ಇವಳು ಹೇಳಿದ್ದೇ. ಆದರೆ ಇವಳು ತನ್ನನ್ನೂ ಬಿಡುವುದಿಲ್ಲ. ಅವನು ಬಂದು ಕರೆದ ತಕ್ಷಣ ಹಿಂದೆ ಹೋಗುತ್ತಾಳೆ. ಓದುವಾಗ ‘ಹೋಗಬೇಡ ಕಣೇ’ ಅಂತ ಗೊಣಗಿದೆ. ನಾನೂ ಎರಡು ಸಲ ಹೋಗಿದ್ದೆ, ಅದು ಬೇರೆ ಮಾತು. 1986ರಲ್ಲಿ ಮೆರಿಲ್ ಸ್ಟ್ರೀಪ್, ಜ್ಯಾಕ್ ನಿಕೋಲ್ಸನ್ ಇರುವ ಸಿನಿಮಾ ಬಂತು. ಪುಸ್ತಕ ಓದಿದ ಮೇಲೆ ನೋಡಿ, ನಗು ಹೆಚ್ಚು ಇರುವುದು ರೇಚಲ್ ಹೇಳುವ ಧಾಟಿಯಲ್ಲಿ.

ಮುಂದಿನದು ಕೊನೆಯ ಭಾಗದ ಮಾತು, ಗೊತ್ತಾಗಬಾರದು ಅಂದರೆ ಇಲ್ಲಿಗೇ ನಿಲ್ಲಿಸಿ. ಊಟಕ್ಕೆ ಕರೆದ ಮನೆಯಲ್ಲಿ ಎಲ್ಲರೆದುರು ಅವಳು ನಿಂಬೆಹಣ್ಣಿನ ಪೈ ಅನ್ನುವ ಸಿಹಿತಿಂಡಿ ಎತ್ತಿ ಗಂಡನ ಮುಖಕ್ಕೆ ಬಡಿಯುತ್ತಾಳೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಸಲಾಡ್‌ಗೆ ಹಾಕುವ ವಿನೆಗ್ರೆಟ್‌ನ ಕತೆ. ಅದರಲ್ಲಿ ಇರುವುದು ಸಾಸಿವೆ ಪೇಸ್ಟ್, ವಿನೆಗರ್, ಆಲಿವ್ ಎಣ್ಣೆ ಅಷ್ಟೇ. ಥೆಲ್ಮಾಗೆ ಗೊತ್ತಿಲ್ಲದ, ತನಗೆ ಮಾತ್ರ ಗೊತ್ತಿರುವ ವಿದ್ಯೆ ಅದೊಂದೇ ಅಂತ ರೇಚಲ್ ಅದನ್ನು ಗಂಡನಿಗೆ ಹೇಳಿಕೊಟ್ಟಿರುವುದಿಲ್ಲ. ಕೊನೆಗೆ ಹೇಳಿಕೊಟ್ಟೇ ಬಿಡುತ್ತಾಳೆ, ಅಳತೆ ಸಮೇತ.

ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಬಿಟ್ಟು ಒಂದು ವರ್ಷವಾದ ಮೇಲೆ ಅವನು ಮೆಸೇಜ್ ಮಾಡಿ, ನೀನು ಮಾಡುತ್ತಿದ್ದ ಮಾವಿನಕಾಯಿ ಗೊಜ್ಜು ಹೇಗೆ ಮಾಡೋದು ಅಂತ ಕೇಳಿದ. ಮೆಂತ್ಯ, ಒಣಮೆಣಸಿನಕಾಯಿ, ಇಂಗು, ಒಗ್ಗರಣೆ ಎಲ್ಲ ನೀಟಾಗಿ ಬರೆದು ಕಳಿಸಿದೆ. ಬೆಲ್ಲ ಮಾತ್ರ ಬರೆಯಲಿಲ್ಲ.